ನೀಲಿ ಪೆನ್ಸಿಲಿನ ಎರಡು ಸಾಲು

"ಯಾರ್ರಿ ನನ್ನ ನದಿಗೆ ಮಸಿ ಬಳದವ್ರು?"

ರಾಣೇಬೆನ್ನೂರಿನ ಇಸ್ಮಾಯಿಲಸಾಬರ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಹಾಗೆ ಕೂಗಿದವನ ಕೈಯಲ್ಲಿ ಒಂದು ದಪ್ಪ ಹಾಳೆಯಿತ್ತು. ಸಿಟ್ಟಿಗೆ ಅವನ ಕಿವಿ ಕೆಂಪಾಗಿದ್ದವು.

ಒಳಗೆ ಬೆಂಚಿನ ಮೇಲಿದ್ದ ಶೈಲಾ ಎದ್ದು ನಿಂತಳು. ಬ್ಯಾಡಗಿಯ ಹುಡುಗಿ, ಅಷ್ಟು ಖಾರಕ್ಕೆಲ್ಲ ಹೆದರುತ್ತಾಳೆಯೇ?

"ನಾನ. ಏನೀಗ?"

ಅವನು ಅವಳನ್ನು ನೋಡಿದ. ಎರಡು ಜಡೆ, ಬೆರಳ ತುಂಬ ಕಪ್ಪು ಕಲೆ, ಮೂಗಿನ ತುದಿಯಲ್ಲೂ ಒಂದು ಚುಕ್ಕೆ ಶಾಯಿ... ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತೇಹೋಯಿತು!

ಅದು ಎರಡು ಸಾವಿರದ ಒಂದನೇ ಇಸವಿ. ಇಸ್ಮಾಯಿಲಸಾಬರು ಆಗ 'ಚಿಣಿಕೋಲು' ಎಂಬ ಮಕ್ಕಳ ಮಾಸಪತ್ರಿಕೆ ಹೊರಡಿಸುತ್ತಿದ್ದರು. ಅದರಲ್ಲಿ ತಿಂಗಳಿಗೆ ನಾಲ್ಕು ಪುಟದ ಕಾಮಿಕ್ಸ್. ಹರಿಗೋಲು ಹಾಕುವ ತುಂಗವ್ವ ಎಂಬ ಹುಡುಗಿಯ ಸಾಹಸಗಳು. ಚಿತ್ರ ಹಾವೇರಿಯ ಶಶಿಕಾಂತನದು, ಈಗ ಬಾಗಿಲಲ್ಲಿ ನಿಂತು ಕೂಗಿದವನೇ ಅವನು. ಅವನು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಕುಂಚ ಹಿಡಿದು ಕರಿ ಶಾಯಿ ಎಳೆಯಲು ಸಾಬರು ಹೊಸದಾಗಿ ಗೊತ್ತು ಮಾಡಿದವಳು ಶೈಲಾ. ಅವಳಪ್ಪ ಫಕ್ಕೀರಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಲಾರಿಗಳ ಮೇಲೆ ಹೆಸರು ಬರೆಯುತ್ತಿದ್ದ. ಕುಂಚ ಅವಳಿಗೆ ಅಪ್ಪನಿಂದ ಬಂದದ್ದು.

"ನೀರಿಗೆ ಗೆರಿ ಬ್ಯಾಡ್ರಿ," ಎಂದ ಶಶಿಕಾಂತ, ದನಿ ತಗ್ಗಿಸಿ. "ದಂಡಿ ಬರೀರಿ, ಹರಿಗೋಲು ಬರೀರಿ. ನಡುವ ಬಿಟ್ಟ ಜಾಗಾ ತಾನ ನೀರಾಗತೈತಿ."

"ಹಂಗಂತ ಮೊದಲ ತಿಳಸಬೇಕಿತ್ತು. ನನಗೇನು ಕನಸು ಬೀಳತೈತೇನ್ರಿ?"

ಇಸ್ಮಾಯಿಲಸಾಬರು ನಗುತ್ತ ಮೇಜಿನ ಡ್ರಾ ಎಳೆದು ಒಂದು ತಿಳಿನೀಲಿ ಪೆನ್ಸಿಲ್ ತೆಗೆದರು. ಅದನ್ನು ಎರಡು ತುಂಡು ಮಾಡಿ ಇಬ್ಬರಿಗೂ ಒಂದೊಂದು ಕೊಟ್ಟರು.

"ಇನ್ನ ಮುಂದ ಜಗಳಾ ಇದರಾಗ ಮಾಡ್ರಿ, ಹಾಳಿ ಅಂಚಿನ್ಯಾಗ. ಅಚ್ಚಿಗಂತ ಹಾಳಿ ಫೋಟೋ ತಗಿಯೋ ನನ್ನ ಕ್ಯಾಮರಾದ ಕಣ್ಣಿಗೆ ಈ ನೀಲಿ ಬೀಳೂದಿಲ್ಲ. ಅಚ್ಚಿನ್ಯಾಗೂ ಬರೂದಿಲ್ಲ. ನೀವು ಏನ ಬೈಕೊಂಡ್ರೂ ಓದೋ ಮಕ್ಕಳಿಗೆ ಗೊತ್ತಾಗೂದಿಲ್ಲ!"

ಅವತ್ತು ಸಂಜೆ ಬಸ್ಸಿನಲ್ಲಿ ಶೈಲಾ, ತಿದ್ದಲೆಂದು ತಂದಿದ್ದ ಆ ಹಾಳೆಯನ್ನು ಮತ್ತೆ ಬಿಚ್ಚಿದಳು. ತಾನು ಬಳಿದ ನೀರನ್ನು ಅಂಗೈಯಿಂದ ಮರೆಮಾಡಿ, ಉಳಿದದ್ದನ್ನು ಮಾತ್ರ ನೋಡಿದಳು. ಎರಡು ದಂಡೆ, ಒಂದು ಹರಿಗೋಲು... ಅಯ್ಯೋ, ನೀರು ಹರಿಯುತ್ತಿದೆ! ಒಂದು ಗೆರೆಯೂ ಇಲ್ಲದೆ!

'ಇಂವಾ ಭಾಳ ಶಾಣ್ಯಾ ಅದಾನ,' ಅಂದುಕೊಂಡಳು. ಯಾಕೋ ನಗು ಬಂತು.

ಅಲ್ಲಿಂದ ಶುರುವಾಯಿತು ನೋಡಿ ಆ ಹಾಳೆಗಳ ಓಡಾಟ. ಈಗ ಬೆರಳ ತುದಿಯಲ್ಲಿ ಎಲ್ಲವನ್ನೂ ಕಳಿಸುವವರಿಗೆ ಆ ಸುಖ ಹೇಗೆ ಹೇಳುವುದು! ಪೆನ್ಸಿಲ್ ಚಿತ್ರ ಹಾವೇರಿಯಿಂದ ಬಸ್ಸಿನಲ್ಲಿ ಬ್ಯಾಡಗಿಗೆ ಬರುತ್ತಿತ್ತು, ಕಂಡಕ್ಟರ್ ದಾದಾಪೀರನ ಕೈಯಲ್ಲಿ. ಶೈಲಾ ಶಾಯಿ ಎಳೆದು ತಿರುಗಿ ಕಳಿಸುವಳು. ಶಶಿಕಾಂತ ಮಾತಿನ ಗುಳ್ಳೆಗಳಲ್ಲಿ ಅಕ್ಷರ ತುಂಬಿ ಮತ್ತೆ ಬ್ಯಾಡಗಿಗೆ ಕಳಿಸುವನು. ಕೊನೆಗೆ ಅವಳು ಪೆನ್ಸಿಲ್ ಗುರುತೆಲ್ಲ ರಬ್ಬರಿನಿಂದ ಅಳಿಸಿ ರಾಣೇಬೆನ್ನೂರಿಗೆ ಒಯ್ಯಬೇಕು. ಹಾಳೆಯ ಮೇಲೆ ಕಡೆಯ ಕೈ ಯಾವಾಗಲೂ ಅವಳದೇ.

ಅಂಚಿನಲ್ಲಿ ನೀಲಿ ಜಗಳ ನಡೆದೇ ಇತ್ತು. ಬರಬರುತ್ತ ಅದು ಜಗಳವಾಗಿ ಉಳಿಯಲಿಲ್ಲ.

'ಈ ಮುದುಕಿ ಮೂಗು ಛಲೋ ಬಂದೈತಿ. ನಾ ಬರದಿದ್ದು ಹಿಂಗಿರಲಿಲ್ಲ. ಯಾರದು?'

'ಬಾಜೂ ಮನಿ ಗುಡ್ಡವ್ವಂದು. ಯಾರಿಗೂ ಹೇಳಬ್ಯಾಡ್ರಿ!'

'ನಿಮ್ಮ ಗೆರಿ ಒಂದ ಎಳತದಾಗ ದಪ್ಪಾಗಿ ಸಣ್ಣಾಗತೈತಲ್ಲ, ಹೆಂಗ?'

'ಲಾರಿ ಮ್ಯಾಲೆ ಬರಿಯೂವಾಗ ಉಸರು ಹಿಡೀಬೇಕು ಅಂತ ಅಪ್ಪ ಕಲಿಸ್ಯಾನ. ಉಸರು ಬಿಟ್ರ ಗೆರಿ ನಡಗತೈತಿ.'

ಅವಳಿಗೆ ಅವನು ಕಲಿಸಿದ್ದೂ ಕಡಿಮೆಯಲ್ಲ. ಒಂದು ಚೌಕದಲ್ಲಿ ತುಂಗವ್ವ ಹುಟ್ಟು ಎತ್ತಿರುತ್ತಾಳೆ, ಮುಂದಿನ ಚೌಕದಲ್ಲಿ ಆಚೆ ದಂಡೆಯಲ್ಲಿರುತ್ತಾಳೆ. ನಡುವಿನ ಬೆರಳಗಲದ ಬಿಳಿ ಜಾಗದಲ್ಲಿ ಹೊಳೆ ದಾಟಿಸುವುದು ಓದುವ ಮಗುವಿನ ಕೆಲಸ. ಅದನ್ನೂ ನಾವೇ ಬರೆದರೆ ಮಗುವಿಗೇನು ಉಳಿಯಿತು ಎಂದು ಅವನು ಬರೆದಿದ್ದ. ಆ ಸಾಲನ್ನು ಶೈಲಾ ಅಳಿಸದೆ ಎಷ್ಟೋ ಹೊತ್ತು ನೋಡುತ್ತ ಕೂತಿದ್ದಳು.

ಬ್ಯಾಡಗಿಯಿಂದ ಬಂದ ಕಟ್ಟು ಬಿಚ್ಚಿದರೆ ಶಶಿಕಾಂತನಿಗೆ ಎರಡು ಸೀನು ಗ್ಯಾರಂಟಿ. ಹಾಳೆಯ ಮಡಿಕೆಯಲ್ಲಿ ಮೆಣಸಿನಕಾಯಿ ಘಾಟು! ಬರಬರುತ್ತ ಅವನಿಗೆ ಎಲ್ಲೇ ಆ ಘಾಟು ಬಡಿದರೂ ಅವಳ ನೆನಪಾಗತೊಡಗಿತು.

ಎರಡು ವರ್ಷ ಹೀಗೇ ಕಳೆಯಿತು. ಭೇಟಿಯಾಗುತ್ತಿದ್ದದ್ದು ತಿಂಗಳಿಗೊಮ್ಮೆ, ಪತ್ರಿಕೆ ಅಚ್ಚಾದ ದಿನ ಪ್ರೆಸ್ಸಿನಲ್ಲಿ. ಆಮೇಲೆ ಬಸ್ ನಿಲ್ದಾಣದಲ್ಲಿ ಒಂದೊಂದು ಕಪ್ ಚಹಾ. ಹಾಳೆಯ ಮೇಲೆ ಅಷ್ಟು ಮಾತಾಡುವವರು ಎದುರಾದರೆ ಮೂಗರು!

ಒಂದು ದಿನ ಶೈಲಾಳೇ ಬಾಯಿಬಿಟ್ಟಳು.

"ಹಿರೇಕೆರೂರಿನವರು ಬಂದು ನನ್ನ ನೋಡಿ ಹೋಗ್ಯಾರ. ಅವ್ವ ಹೂಂ ಅನ್ನು ಅಂತ ಗಂಟು ಬಿದ್ದಾಳ."

ಶಶಿಕಾಂತ ಚಹಾದ ಕಪ್ಪನ್ನು ಕೆಳಗಿಟ್ಟ. ಅವನು ಅವಳ ಮುಖ ನೋಡಲಿಲ್ಲ.

"ಇನ್ನೊಂದ ವಾರಾ ತಡೀರಿ. ಈ ಸಲದ ಕೊನೇ ಪುಟಾ ಬರ್ಲಿ. ಅದನ್ನ... ಸರಿಯಾಗಿ ನೋಡ್ರಿ."

ಇಷ್ಟು ಸಾಕಾಯಿತು ಅವಳಿಗೆ! ಆ ವಾರವೆಲ್ಲ ಶೈಲಾ ನೆಲದ ಮೇಲೆ ನಡೆಯಲೇ ಇಲ್ಲ. ಆ ತಿಂಗಳ ಕಥೆಯ ಕೊನೆಯ ಪುಟ ಗಳಗನಾಥದ್ದು. ವರದಾ ಬಂದು ತುಂಗಭದ್ರೆಯನ್ನು ಸೇರುವ ಜಾಗ, ದೂರದಲ್ಲಿ ಗುಡಿ, ನಡುವೆ ಪುಟದ ಅರ್ಧ ಬರೀ ಬಿಳಿ ನೀರು. ಅವಳು ಉಸಿರು ಹಿಡಿದು ಶಾಯಿ ಎಳೆದು ಹಾವೇರಿಗೆ ಕಳಿಸಿ, ಅಕ್ಷರ ತುಂಬಿಕೊಂಡು ತಿರುಗಿ ಬರುವುದನ್ನೇ ಕಾದಳು.

ಬಸ್ಸು ಬಂತು. ದಾದಾಪೀರ ಹಾಳೆ ಕೊಡಲಿಲ್ಲ.

"ಸಾಬರಿಗೆ ಅವಸರ ಐತಂತವಾ," ಎಂದ. "ಕ್ಯಾಮರಾ ಮಾಡಾಂವ ಊರಿಗೆ ಹೊಂಟಾನಂತ. ಸೀದಾ ರಾಣೇಬೆನ್ನೂರಿಗೆ ತಾ ಅಂದಾರ."

ಬಸ್ಸು ಹೊರಟುಹೋಯಿತು. ಈ ಸಂಗತಿಯನ್ನು ಶಶಿಕಾಂತನಿಗೆ ಯಾರೂ ಹೇಳಲಿಲ್ಲ.

ಪತ್ರಿಕೆ ಅಚ್ಚಾದ ದಿನ ಶೈಲಾ ಓಡೋಡಿ ಬಂದು ಹೊಸ ಪ್ರತಿ ಬಿಚ್ಚಿದಳು. ಕೊನೆಯ ಪುಟವನ್ನು ಒಮ್ಮೆ ನೋಡಿದಳು. ಎರಡು ಸಲ, ಮೂರು ಸಲ ನೋಡಿದಳು. ಎರಡು ನದಿ, ಒಂದು ಗುಡಿ... ಅಷ್ಟೇ. ತನಗಾಗಿ ಒಂದು ಮಾತೂ ಇಲ್ಲ.

ನೀಲಿಯ ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನೀಲಿ ಇರುತ್ತಿದ್ದದ್ದು ಹಾಳೆಯ ಅಂಚಿನಲ್ಲಿ, ಚಿತ್ರದೊಳಗಲ್ಲ. ಮತ್ತೆ, ನೊಂದ ಮನಸ್ಸಿಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತದೆ?

'ಅಂವಾ ಹೇಳಿದ್ದು ಚಿತ್ರದ ಮಾತು. ನಾನ ಹುಚ್ಚಿ, ಏನೇನೋ ತಿಳಕೊಂಡೆ...'

ಆಗಲೇ ಶಶಿಕಾಂತ ಬಂದು ನಿಂತ.

"ಕೊನೇ ಪುಟಾ ನೋಡಿದ್ರ್ಯಾ?"

"ನೋಡಿದೆ."

"ಏನೂ... ಹೇಳೂದು ಇಲ್ಲೇನು?"

"ಹೇಳಾಕ ಏನೈತ್ರಿ ಅದರಾಗ?" ಅಳು ನುಂಗಿಕೊಂಡು ಶೈಲಾ ಬಿರುಸಾಗಿಯೇ ಅಂದಳು. "ಬರೇ ನೀರು ಐತಿ."

"ಆತು ಬಿಡ್ರಿ," ಎಂದವನು ಹೊರಗೆ ಹೋದ. ಚಹಾ ಕುಡಿಯಲೂ ನಿಲ್ಲಲಿಲ್ಲ. ಮುಂದಿನ ತಿಂಗಳಿಂದ ತುಂಗವ್ವನ ಕಥೆ ನಿಂತಿತು. ಅವನು ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಬೋರ್ಡು ಬರೆಯುವ ಕೆಲಸಕ್ಕೆ ಸೇರಿದನಂತೆ ಎಂದು ದಾದಾಪೀರ ಸುದ್ದಿ ತಂದ.

ಹಿರೇಕೆರೂರಿನವರಿಗೆ ಶೈಲಾ ಒಲ್ಲೆ ಅಂದಳು. ಅವ್ವ ಶಾರದವ್ವ ಅತ್ತಳು, ಬೈದಳು, ಕೊನೆಗೆ ಸುಮ್ಮನಾದಳು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಶೈಲಾಳೇ ಏಣಿ ಹತ್ತಿ ಲಾರಿಗಳ ಮೇಲೆ ಹೆಸರು ಬರೆದಳು. ನೀಲಿ ಪೆನ್ಸಿಲಿನ ತುಂಡು ಕುಂಚಗಳ ಡಬ್ಬಿಯಲ್ಲಿ ಹಾಗೇ ಇತ್ತು. ಬಿಸಾಡಲು ಕೈ ಬರಲಿಲ್ಲ.

ಐದು ವರ್ಷ ಹೀಗೆ ಹೋದವು...

"ಶೈಲವ್ವ, ತುಂಗವ್ವನ ಎಲ್ಲಾ ಪುಟಾ ಕೂಡಿಸಿ ಪುಸ್ತಕಾ ಮಾಡಾಕತ್ತೇನಿ," ಎಂದು ಇಸ್ಮಾಯಿಲಸಾಬರು ಫೋನ್ ಮಾಡಿದ್ದು ಎರಡು ಸಾವಿರದ ಎಂಟರಲ್ಲಿ. "ಬ್ರಷ್ ತಗೊಂಡು ಬಾ. ಹಳೇ ಹಾಳಿ, ಅಲ್ಲಲ್ಲಿ ಶಾಯಿ ಹಾರೈತಿ."

ಪ್ರೆಸ್ಸು ಗುರುತೇ ಸಿಗದಷ್ಟು ಬದಲಾಗಿತ್ತು. ದೊಡ್ಡ ಕ್ಯಾಮರಾ ಇದ್ದ ಮೂಲೆಯಲ್ಲಿ ಕಂಪ್ಯೂಟರ್, ಪಕ್ಕದಲ್ಲಿ ಸ್ಕ್ಯಾನರ್. ಸಾಬರ ಮೊಮ್ಮಗಳು ತರನ್ನುಮ ಒಂದೊಂದೇ ಹಾಳೆ ಇಟ್ಟು ಪರದೆಗೆ ತರುತ್ತಿದ್ದಳು. ಶೈಲಾ ಹಳೆಯ ಗೆರೆಗಳನ್ನು ನೋಡುತ್ತ ಕೂತಳು. ಗುಡ್ಡವ್ವನ ಮೂಗು ಕಂಡು ಕಣ್ಣು ಮಂಜಾಯಿತು. ಆ ಅಜ್ಜಿ ಹೋಗಿ ವರ್ಷವಾಗಿತ್ತು.

"ಅಕ್ಕಾ, ಇಲ್ನೋಡ್ರಿ. ಈ ನೀರಿನ್ಯಾಗ ನೀಲಿದಾಗ ಏನೋ ಬರದೈತಿ. ಸ್ಕ್ಯಾನರ್‍ಗೆ ಎಲ್ಲಾ ಕಾಣತೈತಿ. ತಗೀಲೇನು?"

ಗಳಗನಾಥದ ಪುಟ. ಎರಡು ನದಿ ಸೇರುವಲ್ಲಿ, ಬಿಳಿ ನೀರಿನ ನಡುವೆ, ಎರಡು ಸಾಲು.

'ಶೈಲಾ, ನನ್ನ ಗೆರೀಗೆ ಜೀವನಪೂರ್ತಿ ನಿನ್ನ ಶಾಯಿ ಬೇಕು.

ಒಪ್ಪಿದ್ರ ಹಂಗ ಬಿಡು, ಇಲ್ಲಂದ್ರ ಅಳಿಸಿಬಿಡು.'

ಶೈಲಾ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. 'ಬರೇ ನೀರು ಐತಿ' ಅಂದಿದ್ದಳು ಅವಳು! ಅಳಿಸಿಬಿಟ್ಟೆ ಅಂತಲೇ ಕೇಳಿಸಿರಬೇಕು ಅವನಿಗೆ... ದೇವರೇ!

"ಚಾಚಾ, ಈ ಹಾಳಿ ಯಾರು ಅಳಿಸಿದ್ರು ಆಗ?"

"ನಾನವಾ. ಅವಸರ ಇತ್ತಲ್ಲ," ಎಂದು ಸಾಬರು ಕನ್ನಡಕ ಸರಿಪಡಿಸಿಕೊಂಡರು. "ದಂಡಿ ಕಡೆ ಪೆನ್ಸಿಲ್ ಅಳಿಸಿದೆ. ನೀಲಿ ಹೆಂಗೂ ಬೀಳೂದಿಲ್ಲಂತ ಮುಟ್ಟಲಿಲ್ಲ. ಯಾಕ, ಏನಾತು?"

ಅವಳು ಉತ್ತರಿಸುವ ಮೊದಲೇ ಬಾಗಿಲಲ್ಲಿ ನೆರಳು ಬಿತ್ತು. ಸಾಬರು ಅವನನ್ನೂ ಕರೆಸಿದ್ದರು.

ಶಶಿಕಾಂತ. ಕಿವಿಯ ಬಳಿ ನಾಲ್ಕು ಬೆಳ್ಳಿಕೂದಲು. ಅವಳನ್ನು ಕಂಡು ಹೊಸಿಲಲ್ಲೇ ನಿಂತ.

"ಹಿರೇಕೆರೂರಿಂದ ಬಂದ್ರ್ಯಾ?"

"ಬ್ಯಾಡಗಿಯಿಂದ. ನಾ ಎಲ್ಲೂ ಹೋಗಿಲ್ಲ."

"ನಾನೂ... ಒಬ್ಬನ ಅದೇನಿ."

ಅವಳು ಆ ಹಾಳೆಯನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು. ಅವನು ಬಾಗಿ ನೋಡಿದ.

"ಇದು... ಅಳಿಸಿಲ್ಲೇನು? ಬರೇ ನೀರು ಐತಿ ಅಂದಿದ್ರಿ..."

"ನಾ ನೋಡಿದ್ದು ಅಚ್ಚಾದದ್ದು. ಆ ಸಲ ಹಾಳಿ ನನ್ನ ಕಡೆ ಬರಲ ಇಲ್ಲ. ನನ್ನ ಕೈಗೆ ಸಿಕ್ಕಿದ್ದು ಇವತ್ತ, ಶಶಿ. ಇವತ್ತ!"

ತರನ್ನುಮ ಅಜ್ಜನ ಕೈ ಹಿಡಿದು ಚಹಾದ ನೆಪ ಹೇಳಿ ಹೊರಗೆ ಎಳೆದುಕೊಂಡು ಹೋದಳು. ಜಾಣ ಹುಡುಗಿ!

ಶೈಲಾ ಡಬ್ಬಿ ತೆರೆದು ರಬ್ಬರ್ ತೆಗೆದಳು. ಅದನ್ನು ಕಂಡು ಶಶಿಕಾಂತ ಕಣ್ಣು ಮುಚ್ಚಿಕೊಂಡ. ಸರಕ್ ಸರಕ್ ಸದ್ದು ಕೇಳಿಸಿತು. ತೆರೆದಾಗ ಎರಡನೆಯ ಸಾಲು ಮಾತ್ರ ಹೋಗಿತ್ತು.

"ಇದರ ಕೆಲಸ ಮುಗೀತು," ಎಂದಳು ಶೈಲಾ. ಕುಂಚವನ್ನು ಶಾಯಿಗೆ ಅದ್ದಿ, ಉಸಿರು ಹಿಡಿದು, ಉಳಿದ ಸಾಲಿನ ಮೊದಲ ಅಕ್ಷರದ ಮೇಲೆ ಕಪ್ಪಗೆ ಗೆರೆ ಎಳೆದಳು.

"ಏ ಹುಚ್ಚಿ! ಶಾಯಿ ಹಾಕಿದ್ರ ಪುಸ್ತಕದಾಗ ಬರತೈತಿ!"

"ಬರ್ಲಿ."

"ಓದೋ ಮಕ್ಕಳೆಲ್ಲಾ ನೋಡ್ತಾವು."

"ನೋಡ್ಲಿ." ಅವಳ ಕಣ್ಣಿಂದ ಹನಿ ಇಳಿಯುತ್ತಿತ್ತು, ಕೈ ಮಾತ್ರ ನಡುಗಲಿಲ್ಲ. "ಹಾಳಿ ಗಟ್ಟಿ ಹಿಡಿ. ಮಾತಾಡಿಸಿದ್ರ ನಾ ಉಸರು ಬಿಡ್ತೇನಿ."

ಶಶಿಕಾಂತ ಎರಡೂ ಕೈಯಿಂದ ಹಾಳೆ ಹಿಡಿದ. ಮರುಕ್ಷಣ ಮುಖ ತಿರುಗಿಸಿ ಸೀನಿದ, ಒಂದಲ್ಲ, ಎರಡು ಸಲ.

"ಇನ್ನೂ ಘಾಟು ಐತೇನು?"

"ಐತಿ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಐದು ವರ್ಷದಿಂದ ಒಂದ ಸೀನು ಬಂದಿರಲಿಲ್ಲ. ಬರಿ, ಶೈಲಾ. ನಾ ಹಿಡಕೊಂಡೇನಿ."