ಅರವತ್ತೊಂದನೆಯ ಕಾರ್ಡು

ಮನುಷ್ಯಕುಲವನ್ನು ಕಾಡುವ ಗಹನ ಪ್ರಶ್ನೆಗಳಲ್ಲಿ ಇದೂ ಒಂದು: ಕಟ್ಟಿನಲ್ಲಿ ಅರವತ್ತಕ್ಕಿಂತ ಒಂದು ಕಾರ್ಡು ಹೆಚ್ಚಿದ್ದರೆ ಏನು ಮಾಡಬೇಕು? ಚಿತ್ರದ ಕಾರ್ಡುಗಳನ್ನು ಕಾದಾಡಿಸುವ ಪಂದ್ಯದವರು ಉತ್ತರಕ್ಕೆ ತಡವರಿಸುವುದಿಲ್ಲ. ನಿಯಮದಂತೆ ಅರವತ್ತೇ, ಕೆಲಸಕ್ಕೆ ಬಾರದ್ದನ್ನು ಎಸೆಯಬೇಕು.

ಗಡಿಯಾರ ರಿಪೇರಿಯವನು ಈ ಆಟಕ್ಕೆ ಹೊಸಬ. ಹತ್ತು ಕಟ್ಟು ಬದಲಿಸುವವನು ಸೋಲುತ್ತಾನೆ, ಒಂದನ್ನೇ ಅರೆದು ಕುಡಿದವನು ಗೆಲ್ಲುತ್ತಾನೆ ಎಂಬ ಮಾತು ನಂಬಿ, ತೀರಿಕೊಂಡ ಚಾಂಪಿಯನ್ನನ ಕಟ್ಟನ್ನೇ ಅವನ ಹೆಂಡತಿಯಿಂದ ಕೇಳಿ ತಂದ. ಕೊಡುವಾಗ ಆಕೆ ಅವನ ಮುಖ ನೋಡಲಿಲ್ಲ.

"ಗೆದ್ದಾಗೆಲ್ಲ ಒಂದು ಹೊಸ ಕಾರ್ಡು ಬರುತ್ತೆ. ಅದನ್ನ ಮಾತ್ರ ಎಸೀಬೇಡಿ. ಬೇಕಾದ್ರೆ ಬೇರೆ ಯಾವ್ದಾದ್ರೂ ತೆಗೀರಿ."

"ಕಾರ್ಡು ಮರಿ ಹಾಕುತ್ತೆ ಅಂದ್ರೆ ಲಾಭಾನೇ ಅಲ್ವೇನಮ್ಮ," ಎಂದು ನಕ್ಕ.

ಮನೆಯಲ್ಲಿದ್ದದ್ದು ಅವನನ್ನು ಸಾಕಿ ಬೆಳೆಸಿದ ಅಕ್ಕ, ಒಂದು ಬೂದು ಬೆಕ್ಕು. ಕಟ್ಟಿನಿಂದ ಸುಟ್ಟ ಕೂದಲಿನ ವಾಸನೆ ಬರುತ್ತಿದೆ ಎಂದು ಅಕ್ಕ ಗೊಣಗಿದಳು. ಮೊದಲ ಪಂದ್ಯ ಗೆದ್ದ. ಎಣಿಸಿದ. ಅರವತ್ತೊಂದು. ಹೊಸದರ ಮೇಲೆ ಬೂದು ಬೆಕ್ಕಿನ ಚಿತ್ರ. ಕಾದಾಡುವ ಬಲದ ಅಂಕಿ ಸೊನ್ನೆ. ಎಸೆದ. ಸಂಜೆ ಬೆಕ್ಕು ಕಾಣಲಿಲ್ಲ. ಅಕ್ಕನನ್ನು ಕೇಳಿದರೆ, ಯಾವ ಬೆಕ್ಕು, ನಾವ್ಯಾವತ್ತು ಬೆಕ್ಕು ಸಾಕಿದ್ವಿ ಎಂದಳು.

ಅವನಿಗೆ ಗುಮಾನಿ ಹುಟ್ಟಿದ್ದು ಮಾಟದ ಮೇಲಲ್ಲ, ಅಕ್ಕನ ಮೇಲೆ. ಆಟ ಬಿಡಿಸಲು ಇವಳೂ ಕಟ್ಟು ಕೊಟ್ಟ ಆ ಹೆಂಗಸೂ ಸೇರಿ ಸಂಚು ಹೂಡಿದ್ದಾರೆ. ಬೆಕ್ಕನ್ನು ಎಲ್ಲೋ ಬಿಟ್ಟುಬಂದು ಏನೂ ಅರಿಯದವಳಂತೆ ತರಕಾರಿ ಹೆಚ್ಚುತ್ತಿದ್ದಾಳೆ. ಅಂದಿನಿಂದ ಕಟ್ಟು ಅವನ ಜೇಬು ಬಿಟ್ಟು ಕದಲಲಿಲ್ಲ.

ಮುಂದಿನ ಪಂದ್ಯವೇ ಸೆಮಿಫೈನಲ್. ಅದನ್ನು ಗೆದ್ದ ಮಧ್ಯಾಹ್ನ, ಸಭಾಂಗಣದ ಮೆಟ್ಟಿಲ ಕೆಳಗಿನ ಬಲ್ಬಿಲ್ಲದ ಮೂಲೆಯಲ್ಲಿ ನಿಂತು ಎಣಿಸಿದ. ಅರವತ್ತೊಂದು. ಅದೇ ಸುಟ್ಟ ಕೂದಲಿನ ಘಾಟು ಗಂಟಲಿಗಿಳಿಯಿತು. ಮೊಬೈಲಿನ ಬೆಳಕು ಬಿಟ್ಟ. ಚಿತ್ರದಲ್ಲಿ ಅಕ್ಕ. ಮೊಣಕೈ ಹರಿದ ಅದೇ ಸ್ವೆಟರು. ಬಲ ಸೊನ್ನೆ. ಕಾರ್ಡು ಬೆಚ್ಚಗಿತ್ತು.

ಫೋನು ಮಾಡಿದ.

"ಅಕ್ಕಾ, ನನ್ನ ಜೇಬಿಗೆ ಕೈ ಹಾಕಿದ್ಯಾ?"

"ನಿನ್ನ ಜೇಬಲ್ಲಿ ಏನಿದೆ ಅಂತ ಹಾಕ್ಲೋ," ಎಂದು ಅಕ್ಕ ನಕ್ಕಳು. "ಊಟಕ್ಕೆ ಬರ್ತೀಯೋ ಇಲ್ವೋ, ಅಷ್ಟು ಹೇಳು."

ಆ ನಗು ಸಾಕಾಯಿತು. ಇವಳದೇ ಕೈವಾಡ. ಮೈಕಿನಲ್ಲಿ ಫೈನಲ್ಲಿಗೆ ಕೊನೆಯ ಕರೆ. ಬೇರೆ ಯಾವುದನ್ನು ತೆಗೆಯಲಿ? ಅರವತ್ತೂ ಬಾಯಿಪಾಠ. ಅರವತ್ತೂ ಬೇಕು. ಬೆರಳ ಕೆಳಗೆ ಏನೋ ಮಿಡಿಯುತ್ತಿತ್ತು. ಫೋನಿನಲ್ಲಿ ಅಕ್ಕ ಇನ್ನೂ ಕಾಯುತ್ತಿದ್ದಳು.

ಹರಿದ.

"ಏನೋ ಅದು ಸದ್ದು..."

ಆಮೇಲೆ ಫೋನಿನಲ್ಲಿ ಉಸಿರೂ ಇರಲಿಲ್ಲ.

ಫೈನಲ್ ಗೆದ್ದ. ಮನೆಯಲ್ಲಿ ಒಂದೇ ಹಾಸಿಗೆ, ಒಂದೇ ತಟ್ಟೆ. ನೀವು ಮೊದಲಿಂದ ಒಬ್ರೇ ಅಲ್ವಾ ಇರೋದು ಎಂದರು ಕೆಳಮನೆಯವರು. ಕಟ್ಟನ್ನು ಅವನು ಮತ್ತೆ ಎಣಿಸಿಲ್ಲ.