ಬಿಡು ರಾಜಾ

"ಅಮ್ಮಾ ದಾನೇಶ್ವರೀ, ದುರಂತ ನಾಯಕ ಯಾರಾಗಿರಬೇಕೂ?"

ಬೆನ್ನ ಹಿಂದೆ ಪಟ್ಟಾಭಿರಾಮ ಮೇಷ್ಟ್ರ ಮೂಗಿನ ದನಿ ಕೇಳಿದ್ದೇ ತಡ, ದಾನೇಶ್ವರಿ ಬಾಯಲ್ಲಿದ್ದ ಮೆಣಸಿನಕಾಯಿ ಬಜ್ಜಿಯನ್ನು ಹಾಗೇ ನುಂಗಿ ನೆಟ್ಟಗೆ ನಿಂತಳು. "ರಾಜ ಆಗಿರಬೇಕು ಸರ್. ದೊಡ್ಡ ಮನುಷ್ಯ. ಒಂದೇ ಒಂದು ದೋಷ ಇರಬೇಕು, ಅದರಿಂದಲೇ ಬೀಳಬೇಕು."

ತಿರುಗಿದರೆ ಮೇಷ್ಟ್ರೂ ಇಲ್ಲ, ಗೀಷ್ಟ್ರೂ ಇಲ್ಲ. ರಾಜಗೋಪಾಲನಗರದ ಬಜ್ಜಿ ಗಾಡಿಗೆ ಒರಗಿ, ಗ್ರೀಸ್ ಮೆತ್ತಿದ ಅಂಗಿಯಲ್ಲಿ ನಗು ಅದುಮಿಕೊಂಡು ನಿಂತವನು ಬಸಲಿಂಗ. ಅವಳ ಅಣ್ಣ ಸಿದ್ರಾಮನ ಗೆಳೆಯ. ಇಬ್ಬರೂ ಬಿಜಾಪುರದ ಕಡೆಯವರು. ಪೀಣ್ಯದ ಒಂದೇ ಶೆಡ್ಡಿನಲ್ಲಿ, ತಗಡು ಒತ್ತುವ ಪ್ರೆಸ್ ಮಷೀನುಗಳ ಮೇಲೆ ಕೆಲಸ. ಸಂಜೆ ಕಾಲೇಜಿನ ಕಿಟಕಿಯಾಚೆ ಅವಳಿಗಾಗಿ ಕಾಯುತ್ತ ಕಾಯುತ್ತ ಮೇಷ್ಟ್ರ ದನಿಯನ್ನೂ ಕದ್ದುಬಿಟ್ಟಿದ್ದ. ಹಗಲು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ಸಂಜೆ ಬಿ.ಎ. ಓದುವ ಅವಳಿಗೆ 'ಕಾಲರ್ ಸ್ಕಾಲರ್' ಎಂಬ ಬಿರುದು ಕೊಟ್ಟವನೂ ಅವನೇ.

"ನಿನ್ನ ಬಾಯಿ ಸೇದಿಹೋಗ್ಲಿ! ಖಾರ ನೆತ್ತಿಗೇರ್ತು ನೋಡು."

"ನೆತ್ತಿಗೇರಿದ್ದು ಖಾರನೋ, ನಾನೋ?" ಎಂದು ನೀರು ಚಾಚಿದ. "ಹಂಗಾರ ನಾ ದುರಂತ ನಾಯಕ ಆಗಾಕ ಬರೂದಿಲ್ಲ?"

"ಬರೂದಿಲ್ಲ. ರಾಜ ಬಿದ್ರ ದುರಂತ."

"ನಾ ಬಿದ್ರ?"

"ಇ.ಎಸ್.ಐ. ಆಸ್ಪತ್ರಿ."

ಇಬ್ಬರೂ ನಕ್ಕರು. ನಗುತ್ತಲೇ ಅವನು ಅವಳ ಗಲ್ಲಕ್ಕೆ ಅಂಟಿದ್ದ ನೂಲಿನ ಎಳೆಯನ್ನು ನೋಡಿದ. ತೆಗೆಯಲೆಂದು ಬೆರಳು ಎತ್ತಿದವನು, ಸುತ್ತಲಿನ ಜನ ಕಂಡು, ತನ್ನದೇ ಕಿವಿ ಕೆರೆದುಕೊಂಡ. ಅವಳೂ ಆ ಎಳೆಯನ್ನು ತೆಗೆಯಲಿಲ್ಲ. ಇರಲಿ ಬಿಡು, ನಾಳೆಯೂ ನೋಡಲಿ ಎಂದುಕೊಂಡಳು.

"ನಿಮ್ಮ ಫೋರ್‌ಮನ್‌ದು ಮಾಡು," ಎಂದಳು.

ಬಸಲಿಂಗ ಹೊಟ್ಟೆ ಮುಂದೆ ಮಾಡಿ, ಗಂಟಲು ಗೊಗ್ಗರಾಗಿಸಿ ವೆಂಕಟರಮಣಪ್ಪನೇ ಆಗಿಬಿಟ್ಟ. "ಕೈ ತೆಗೆದ್ರಾ? ಹಾಂ, ಬಿಡು ರಾಜಾ!" ಬಿಡು ಎಂದರೆ ಪೆಡಲ್ ತುಳಿ ಎಂದರ್ಥ, ತುಳಿದರೆ ಮಷೀನಿನ ಅಚ್ಚು ತಗಡಿನ ಮೇಲೆ ಇಳಿಯುತ್ತದೆ.

"ಅವರು ರಾಜಾ ಅಂತಾರೇನ?"

"ಎಲ್ಲೀ ರಾಜಾ! 'ಬಿಡಲೇ' ಅಂತಾರ. ರಾಜಾ ನಾ ಸೇರಿಸಿದ್ದು. ನಿಮ್ಮ ಮೇಷ್ಟ್ರಿಗೆ ರಾಜರು ಬೇಕಲ್ಲ, ನಿನ್ನ ಮುಂದಷ್ಟ ನಮ್ಮ ಶೆಡ್ಡಿನವರಿಗೆಲ್ಲಾ ಪಟ್ಟ ಕಟ್ಟೀನಿ."

ದೀಪಾವಳಿ ಕಳೆದ ಮೇಲೆ ಲಗ್ನ ಎಂದು ಸಿದ್ರಾಮನೇ ಮಾತು ಎತ್ತಿದ್ದ. "ಇವನ ಜೋಡಿ ಇದ್ರ ಟಿ.ವಿ. ಖರ್ಚು ಉಳಿತೈತಿ," ಎಂದು ತಂಗಿಯನ್ನು ಕಾಡಿಸಿದ್ದ.

ಆ ವಾರವೇ ಸಿದ್ರಾಮನ ಬಲಗೈಯ ಮೂರು ಬೆರಳು ಹೋದವು.

ದಾನೇಶ್ವರಿ ಆಸ್ಪತ್ರೆಗೆ ಓಡಿ ಬಂದಾಗ, ಸಿದ್ರಾಮನ ಮಷೀನಿನ ಪೆಡಲ್ ತುಳಿಯುವ ಚಿನ್ನಪ್ಪ ಗೋಡೆ ಹಿಡಿದು ಅಳುತ್ತಿದ್ದ. "ಅಕ್ಕಾ, ನಂದೇನೂ ತಪ್ಪಿಲ್ಲಕ್ಕಾ. ಸಿದ್ರಾಮಣ್ಣ ಬಗ್ಗಿ ತಗಡು ಸರಿ ಮಾಡ್ತಿದ್ರು, ಕೈ ಒಳಗೈತೋ ಹೊರಗೈತೋ ನಂಗ್ ಕಾಣಲಿಲ್ಲ. ಹಿಂದಿಂದ ಫೋರ್‌ಮನ್ನು 'ಬಿಡು ರಾಜಾ' ಅಂದ್ರು, ತುಳಿದ್ಬಿಟ್ಟೆ. ಈಗ ನೋಡಿದ್ರೆ ಅವ್ರು, ನಾನು ಅಲ್ಲಿರ್ಲೇ ಇಲ್ಲ, ಟೀ ಕುಡೀತಿದ್ದೆ ಅಂತಾವ್ರೆ. ಓನರ್ರು ಅವ್ರನ್ನ ಕೆಲ್ಸದಿಂದ ತೆಗೆದಾಕಿದ್ರು. ಸರ್ಯಾಗ್ ಮಾಡಿದ್ರು!"

ರಾಜಾ.

ಅವಳು ಬಸಲಿಂಗನನ್ನು ಹುಡುಕಿ ಹೋದಳು. ಕಾರಿಡಾರಿನ ತುದಿಯಲ್ಲಿ ಅವನು ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಊರವರ ಮುಖಗಳನ್ನೆಲ್ಲ ಹೊತ್ತು ತಿರುಗುತ್ತಿದ್ದವನಿಗೆ ಈಗ ತನ್ನದೆಂಬ ಒಂದು ಮುಖವೂ ಉಳಿದಿರಲಿಲ್ಲ.

"ಅವನ ಕೈ ಒಳಗಿತ್ತಂತ ಗೊತ್ತಿರಲಿಲ್ಲ ದಾನೀ. ಎಲ್ಲಾರೂ ನಗ್ತಾರಂತ ಅವರ ದನಿ ಮಾಡಿದೆ," ಎಂದ.

"ಯಾರಿಗೆ ಗೊತ್ತು?"

"ನಿನಗೊಬ್ಬಾಕಿಗೆ." ಎದ್ದು ನಿಂತ. "ಹೇಳಬ್ಯಾಡ ಅಂದ್ರ ಹೇಳೂದಿಲ್ಲ. ಹೇಳಿದ್ರ ನೀ ನನಗ ಸಿಗೂದಿಲ್ಲ."

ಅವಳ ಲಗ್ನ ಅವಳ ನಾಲಿಗೆಯ ತುದಿಯಲ್ಲೇ ಕುಳಿತಿತ್ತು. ಬ್ಯಾಡ ಎಂದರೆ ಸಾಕು. ಫೋರ್‌ಮನ್ ಹೇಗಿದ್ದರೂ ಬೈಗುಳದ ಮನುಷ್ಯ, ಇನ್ನೆಲ್ಲೋ ಕೆಲಸ ಹುಡುಕಿಕೊಳ್ಳುತ್ತಾನೆ. ಅಣ್ಣನ ಬೆರಳಂತೂ ತಿರುಗಿ ಬರುವುದಿಲ್ಲ. ಹೀಗೆಲ್ಲ ಮನಸ್ಸು ವಕೀಲಿಕೆ ಮಾಡುತ್ತಿದ್ದಾಗ ಅವಳು ಬಸಲಿಂಗನನ್ನು ನೋಡಿದಳು. ಅವನೂ ನೋಡುತ್ತಿದ್ದ, ಬ್ಯಾಡ ಅನ್ನಲಿ ಎಂಬ ಆಸೆಯನ್ನು ಒಂದಿಷ್ಟೂ ಮುಚ್ಚಿಡದೆ.

"ಹೋಗಿ ಹೇಳು," ಎಂದಳು.

ಹೋದ. ಮೊದಲು ಸಿದ್ರಾಮನಿಗೆ, ಆಮೇಲೆ ಓನರ್‌ಗೆ ಹೇಳಿದ. ವೆಂಕಟರಮಣಪ್ಪ ಕೆಲಸಕ್ಕೆ ಮರಳಿದ, ಬಸಲಿಂಗ ಗೇಟಿನಾಚೆ ನಿಂತ. ಸಿದ್ರಾಮ ಬೈಯಲಿಲ್ಲ. ಬೈದಿದ್ದರೆ ಇನ್ನೊಂದು ದಿನ ಸಮಾಧಾನ ಮಾಡಬಹುದಿತ್ತು.

"ಸಿಟ್ಟಿಲ್ಲೋ ನಿನ್ನ ಮ್ಯಾಲ. ಆದ್ರ ನಿನ್ನ ದನಿ ಕೇಳಿದ್ರ ಇಲ್ಲದ ಬೆರಳು ನೋಯ್ತಾವ. ಮನಿಯಾಗ ದಿನಾ ಹೆಂಗ ಕೇಳ್ಲಿ?"

ಬಸಲಿಂಗ ಬೇರೆ ಊರಲ್ಲಿ ಕೆಲಸ ಹುಡುಕಲು ಗಂಟು ಕಟ್ಟಿದ.

ನಾಗಸಂದ್ರದಲ್ಲಿ, ಆಗಷ್ಟೇ ಎದ್ದಿದ್ದ ಮೆಟ್ರೋ ಕಂಬದ ನೆರಳಲ್ಲಿ, ಹುಬ್ಬಳ್ಳಿಯ ಬಸ್ಸಿಗೆ ಇಬ್ಬರೂ ಕಾದರು.

"ಬರ್ತೀಯೇನ ನನ್ನ ಜೋಡಿ?"

"ಅಣ್ಣಗ ಒಂದ ಕೈಯಾಗ ರೊಟ್ಟಿ ಮುರಿಯಾಕ ಬರೂದಿಲ್ಲ."

ಅವನು ತಲೆ ಆಡಿಸಿದ. ತಮಾಷೆ ಮಾಡಲು ನೋಡಿದ. "ಈಗರ ನಾಯಕ ಆದ್ನೇನ, ಸ್ಕಾಲರ್?"

"ಇಲ್ಲ. ನಾಯಕ ಬಿದ್ದ ಮ್ಯಾಲ ಪರದೆ ಎಳೀತಾರ. ನೀ ನಾಳೆ ಮುಂಜಾನೆ ಕೆಲಸ ಹುಡುಕಬೇಕಲ್ಲೋ."

ಅವನ ನಗು ಅರ್ಧಕ್ಕೇ ನಿಂತಿತು. ದಾನೇಶ್ವರಿ ಅವನ ತೋಳಿನ ಅಂಗಿ ಹಿಡಿದಳು, ಜನ ಇದ್ದರೂ. "ಮುಚ್ಚಿಟ್ಟಿದ್ರ ನಿನ್ನ ಲಗ್ನ ಆಗ್ತಿದ್ದೆ. ಆದ್ರ ಇಷ್ಟು ಪ್ರೀತಿ ಮಾಡ್ತಿರಲಿಲ್ಲ. ನಾ ಏನ್ ಮಾಡ್ಲಿ, ಬಸೂ?"

ಬಸ್ಸು ಬಂತು. ಅಂಗಿಯನ್ನು ಅವಳೇ ಬಿಟ್ಟಳು.

ಮನೆಗೆ ಬಂದು ಅಣ್ಣನ ಮುಂದೆ ತಟ್ಟೆ ಇಟ್ಟು, ರೊಟ್ಟಿ ಮುರಿದಳು. ಸಿದ್ರಾಮ ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದ.

"ಹೋದ್ನಾ?"

"ಹೂಂ."

ಎಡಗೈಯಲ್ಲಿ ತಟ್ಟೆ ಎಳೆದುಕೊಂಡು ಕೇಳಿದ. "ಉಂಡು ಹೋದ್ನೇನ?"

ಮುರಿದ ತುಂಡು ಕೈಯಲ್ಲೇ ಉಳಿಯಿತು. ದಾನೇಶ್ವರಿ ಅದನ್ನು ಕೇಳುವುದನ್ನೇ ಮರೆತಿದ್ದಳು.