ಬೆನ್ನು ತಿರುಗಿಸಿದ ನಲವತ್ತು ಸೆಕೆಂಡು

ಬಾಯಿ ಬಿಟ್ಟರೆ ಗೊತ್ತಾಗಿಬಿಡುತ್ತದೆ. ಬಿಡದಿದ್ದರೆ ಗಂಟಲಿನ ಮಾತ್ರೆ ಸಿಗುವುದಿಲ್ಲ. ಔಷಧಿ ಅಂಗಡಿಯ ಕೌಂಟರ್ ಮುಂದೆ ನಿಂತು ಅವನು ಎರಡು ನಿಮಿಷದಿಂದ ಇಷ್ಟನ್ನೇ ಯೋಚಿಸುತ್ತಿದ್ದ. ಗಂಟಲು ಮುಟ್ಟಿ ತೋರಿಸಿದರೆ? ಕೆಮ್ಮಿನ ಸಿರಪ್ ಕೊಟ್ಟಾರು. ಅದು ಬೇಡ ಅನ್ನುವುದಕ್ಕಾದರೂ ಬಾಯಿ ತೆರೆಯಬೇಕಲ್ಲ.

ನಿನ್ನೆ ಬಸ್ಸಿನಲ್ಲಿ ಹಾಗೇ ಆಗಿತ್ತು. ಸ್ವಲ್ಪ ಜರುಗ್ತೀರಾ ಎಂದಿದ್ದ, ಅಷ್ಟೇ. ಮುಂದಿನ ಸೀಟಿನ ಹೆಂಗಸು ಸರಕ್ಕನೆ ತಿರುಗಿದಳು. ಅವಳಿಗೆ ಇವನ ಮುಖದ ಗುರುತು ಸಿಗಲಿಲ್ಲ. ಇನ್ನೊಂದು ಸಲ ಮಾತಾಡಿ ಎಂದು ಬೇಡಿಕೊಂಡಳು. ಅವನು ಕಿಟಕಿಯ ಕಡೆ ನೋಡಿದ. ಅವಳು ಅಳತೊಡಗಿದಳು. ಇವನೇ ಏನೋ ಮಾಡಿರಬೇಕು ಎಂಬಂತೆ ಅಕ್ಕಪಕ್ಕದವರು ನೋಡಿದರು.

ಕಾಡಣ್ಣ ಸತ್ತು ಆರು ದಿನವಾಗಿತ್ತು. ಆ ಹೆಸರು ಇಟ್ಟದ್ದು ಇಲ್ಲಿಯ ವೀಕ್ಷಕರು. ಅವನು ಬೇರೆ ದೇಶದವನು, ಬೇರೆ ಭಾಷೆಯವನು. ಮೊಸಳೆ, ಕರಡಿ, ಹಾವುಗಳ ಹತ್ತಿರ ಹೋಗಿ ಅವುಗಳ ಬದುಕನ್ನು ಟೀವಿಯಲ್ಲಿ ತೋರಿಸುತ್ತಿದ್ದ. ಮೂರು ವರ್ಷದಿಂದ ಅವನ ತುಟಿಗೆ ಇಲ್ಲಿಯ ಮಾತನ್ನು ಕೂರಿಸಿದ್ದು ಇವನ ದನಿ. ಕಳೆದ ವಾರ ಯಾವುದೋ ಹುಲ್ಲುಗಾವಲಿನಲ್ಲಿ ಒಂದು ಕಾಡುಕೋಣ ಅವನ ಮೇಲೆ ಎರಗಿತು. ಸುದ್ದಿ ಒಂದೇ ಸಾಲಿನಲ್ಲಿ ಬಂತು. ಸತ್ತದ್ದು ಅವನು. ಆದರೆ ಜನರ ಕಿವಿಯೊಳಗೆ ಸತ್ತಿದ್ದು ಇವನ ಗಂಟಲು.

"ಏನು, ನಾಲಿಗೆ ಅಡ ಇಟ್ಟು ಬಂದ್ರಾ?"

ಹಿಂದೆ ಟೀಚರ್ ನಿಂತಿದ್ದಳು. ಈಗ ಅವಳು ಟೀಚರ್ ಅಲ್ಲ, ಸ್ಟುಡಿಯೋದಲ್ಲಿ ಕಾಡಣ್ಣನ ಕಾರ್ಯಕ್ರಮಕ್ಕೆ ಮಾತು ಬರೆಯುವವಳು. ಮುಂಚೆ ಶಾಲೆಯಲ್ಲಿದ್ದಳು, ಈಗಲೂ ಇವನ ಉಚ್ಚಾರ ತಿದ್ದುತ್ತಾಳೆ, ಅದಕ್ಕೇ ಆ ಹೆಸರು. ಅವನ ಉತ್ತರಕ್ಕೆ ಕಾಯದೆ ಅವಳೇ ಅಂಗಡಿಯವನಿಗೆ ಹೇಳಿದಳು: ಹಳದಿ ಡಬ್ಬಿ ಕೊಡಿ, ಶುಂಠಿಯದ್ದು, ಪುದೀನದ್ದು ಬೇಡ, ಅದು ತಿಂದರೆ ಇವರ ದನಿ ಒಡೆಯುತ್ತೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ಕೇಳದೆ ಉಳಿದ ಇಂಥ ಪ್ರಶ್ನೆಗಳು ಅವನ ಹತ್ತಿರ ಮೂರು ವರ್ಷದಷ್ಟಿದ್ದವು.

ರಸ್ತೆಗೆ ಬಂದ ಮೇಲೆ ಅವಳು ಎರಡು ಸುದ್ದಿ ಹೇಳಿದಳು. ಮೊದಲನೆಯದು, ಮೂರು ಗಂಟೆಗೆ ಮ್ಯಾನೇಜರ್ ಇಬ್ಬರನ್ನೂ ಕರೆದಿದ್ದಾರೆ. ಎರಡನೆಯದನ್ನು ಹೇಳುವಾಗ ಮಾತ್ರೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುತ್ತಿದ್ದಳು. ಬೇರೆ ಊರಿನಲ್ಲಿ ಪಠ್ಯಪುಸ್ತಕ ಮಾಡುವ ಸಂಸ್ಥೆಯೊಂದು ಅವಳನ್ನು ಕರೆದಿದೆಯಂತೆ. ಶುಕ್ರವಾರದೊಳಗೆ ಉತ್ತರ ಕೊಡಬೇಕಂತೆ.

"ಹೋಗ್ಲಾ ಅಂತ ಯೋಚನೆ," ಎಂದಳು.

"ಒಳ್ಳೇ ಕೆಲಸ," ಎಂದ ಅವನು.

"ಅದು ನನಗೂ ಗೊತ್ತು."

ಡಬ್ಬಿಯನ್ನು ಅವನ ಕೈಗೆ ಕೊಟ್ಟು ಎರಡು ಹೆಜ್ಜೆ ಮುಂದೆ ನಡೆದಳು. ಅವನು ಕೇಳಿಸಿಕೊಂಡದ್ದು ಒಂದು ಪ್ರಶ್ನೆಯೋ, ಬರೀ ಸುದ್ದಿಯೋ? ಗೇಟಿನವರೆಗೂ ತೂಗಿ ನೋಡಿದ, ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲಲಿಲ್ಲ.

ಸ್ಟುಡಿಯೋದ ಗೇಟಿಗೆ ಹೂವಿನ ರಾಶಿ ಒರಗಿತ್ತು. ಹತ್ತಿ ತುಂಬಿದ ಆನೆ, ಪ್ಲಾಸ್ಟಿಕ್ ಮೊಸಳೆ, ಮಕ್ಕಳು ಬಣ್ಣದ ಕಡ್ಡಿಯಲ್ಲಿ ಬರೆದ ಚಿತ್ರಗಳು. ಒಂದರಲ್ಲಿ ಕಾಡಣ್ಣ ಕೋಣದ ಬೆನ್ನೇರಿ ನಗುತ್ತಿದ್ದ. ಗಡಿಯಾರ ರಿಪೇರಿಯವನೊಬ್ಬ ದಿನಾ ಅಂಗಡಿ ಮುಚ್ಚಿ ಬಂದು ಇಲ್ಲಿ ಒಂದು ಗಂಟೆ ಸುಮ್ಮನೆ ನಿಲ್ಲುತ್ತಿದ್ದ. ಎಲ್ಲರೂ ಅಳುತ್ತಿದ್ದರು ಎಂದೇನಲ್ಲ. ಬೆಂಕಿ ಜೊತೆ ಸರಸ ಆಡಿದರೆ ಇನ್ನೇನಾಗುತ್ತೆ ಎಂದು ಟೀವಿ ಚರ್ಚೆಯಲ್ಲಿ ಒಬ್ಬರು ಕೈ ಝಾಡಿಸಿದ್ದರು. ಫೋನಿನಿಂದ ಫೋನಿಗೆ ಜೋಕುಗಳು ಓಡಾಡುತ್ತಿದ್ದವು. ಮೃಗಾಲಯದಲ್ಲಿ ಯಾರೋ ಕಾಡುಕೋಣಕ್ಕೆ ಕಲ್ಲು ಹೊಡೆದಿದ್ದರು. ಬೇಲಿಯೊಳಗೇ ಹುಟ್ಟಿದ ಕೋಣ ಅದು, ಹುಲ್ಲುಗಾವಲನ್ನೇ ಕಂಡಿರಲಿಲ್ಲ.

ಅಳುವವರ ಹಲಗೆಯ ಮೇಲೂ ನಗುವವರ ಜೋಕಿನಲ್ಲೂ ಇದ್ದದ್ದು ಒಂದೇ ಮಾತು: ಹತ್ತಿರ ಬಾ, ಏನೂ ಆಗಲ್ಲ.

ಆ ಮಾತನ್ನು ಕಾಡಣ್ಣ ಎಂದೂ ಆಡಿರಲಿಲ್ಲ.

ಡಬ್ಬಿಂಗ್‌ನಲ್ಲಿ ತುಟಿ ಕಾಣುವಷ್ಟು ಹೊತ್ತು ತುಟಿಗೆ ಹೊಂದುವ ಮಾತೇ ಬೇಕು. ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದ ಜಾಗದಲ್ಲಿ ಆ ಕಟ್ಟು ಇಲ್ಲ. ಅಲ್ಲಿ ಟೀಚರ್ ಹಾಳೆಯ ಅಂಚಿಗೆ ಪೆನ್ಸಿಲ್‌ನಿಂದ 'ಬೆನ್ನು' ಎಂದು ಬರೆದು ಖಾಲಿ ಬಿಡುತ್ತಾಳೆ. ಒಂದು ಉಸಿರೋ, ಹ್ಞೂಂ ಎಂಬುದೋ, ದನಿಯವನ ಇಷ್ಟ. ಗಾಜಿನ ಆಚೆ ಅವಳು ತೋರುಬೆರಳು ಎತ್ತಿದರೆ ಇವನು ಶುರು ಮಾಡಬೇಕು.

ಆ ಮಾತು ಹುಟ್ಟಿದ್ದು ಮೂರು ವರ್ಷದ ಹಿಂದೆ, ಅವಳ ಮೊದಲ ವಾರದಲ್ಲಿ. ಬರೆದದ್ದು ಮಾತಿನ ಹಾಗಿಲ್ಲ, ಪಾಠದ ಹಾಗಿದೆ ಎಂದು ಮ್ಯಾನೇಜರ್ ಎಲ್ಲರೆದುರು ಬೈದಿದ್ದರು. ಅವಳು ಹಾಳೆಗಳನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಅಂಟಿ ನಿಂತಿದ್ದಳು. ಅಲ್ಲಿಂದಲೇ ಬೆರಳು ಎತ್ತಿದಳು. ಬೆರಳು ನಡುಗುತ್ತಿತ್ತು. ಪರದೆಯ ಮೇಲೆ ಕಾಡಣ್ಣ ಬೆನ್ನು ತೋರಿಸಿ ಒಂದು ಕಡಲಸಿಂಹದ ಕಡೆ ನಡೆಯುತ್ತಿದ್ದ. ಇವನು ಪರದೆಯನ್ನು ನೋಡುತ್ತಿರಲಿಲ್ಲ. ಗಾಜನ್ನು ನೋಡಿದ, ಹೇಳಿದ. ಹತ್ತಿರ ಬಾ, ಏನೂ ಆಗಲ್ಲ.

ಅವಳು ಗಾಜಿನ ಹತ್ತಿರ ಬಂದಳು.

ಚಾನೆಲ್‌ಗೆ ಆ ಮಾತು ಹಿಡಿಸಿತು. ಪ್ರತಿ ಕಂತಿನಲ್ಲೂ ಹಾಕಿ ಎಂದರು. ಆಮೇಲೆ ಅವಳೇ ಅದನ್ನು ಬರೆಯತೊಡಗಿದಳು, ದುಂಡು ಅಕ್ಷರದಲ್ಲಿ, ವಾರಕ್ಕೊಮ್ಮೆ.

ಈಗ ಅದೇ ಮಾತು ಆಸ್ಪತ್ರೆ ಸೇರಿತ್ತು. ಮೂರು ದಿನದ ಹಿಂದೆ ಒಬ್ಬ ಹಾರ್ಡ್‌ವೇರ್ ಅಂಗಡಿಯವನು ಪೈಪುಗಳ ನಡುವೆ ಸೇರಿಕೊಂಡ ಹಾವನ್ನು ಹಿಡಿಯಲು ಹೋದ. ಗೆಳೆಯ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಅಂಗಡಿಯವನು ಫೋನಿನ ಕಡೆ ತಿರುಗಿ, ಇವನ ದನಿಯನ್ನೇ ಅನುಕರಿಸಿ, ಅದೇ ಮಾತು ಹೇಳಿ ಕೈ ಚಾಚಿದ, ಹಾವು ಕಚ್ಚಿತು. ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಊರೆಲ್ಲ ಆ ವಿಡಿಯೋ ನೋಡಿತು. ಇವನು ನೋಡಲಿಲ್ಲ, ಕೇಳಿದ, ಅಷ್ಟೇ ಸಾಕಾಯಿತು.

ಮೂರು ಗಂಟೆಗೆ ಮ್ಯಾನೇಜರ್ ಕೋಣೆಯಲ್ಲಿ ನಾಲ್ವರಿದ್ದರು. ನಾಲ್ಕನೆಯವರು ಧ್ವನಿಮುದ್ರಣ ನೋಡಿಕೊಳ್ಳುವ ಹಿರಿಯರು, ಎಲ್ಲರಿಗೂ ಮಾವ. ನಿಮ್ಮಿಬ್ಬರ ನಡುವಿನ ಗಾಜು ಒರೆಸೋಕೇ ನನಗೆ ಸಂಬಳ ಕೊಡ್ತಾರೆ ಎಂದು ಛೇಡಿಸುವವರು ಇವತ್ತು ಬಾಗಿಲಿಗೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದರು.

ವಿಷಯ ನೇರವಾಗಿತ್ತು. ಈ ಮಾತು ನಮ್ಮ ಮೂಲದಲ್ಲಿ ಎಲ್ಲೂ ಇಲ್ಲ, ಸೇರಿಸಿದವರು ಯಾರು ಎಂದು ಕಾರ್ಯಕ್ರಮ ತಯಾರಿಸಿದ ಕಂಪನಿ ಪತ್ರ ಬರೆದಿತ್ತು. ಅಂಗಡಿಯವನಿಗೆ ಏನಾದರೂ ಆದರೆ ಉತ್ತರ ಹೇಳುವವರು ಒಬ್ಬರು ಬೇಕು. ಹೆಚ್ಚು ಚರ್ಚೆ ಬೇಡ, ಬೆಳಿಗ್ಗೆಯೇ ಟೀಚರ್ ತಾನೇ ಬರೆದದ್ದು ಅಂತ ಬರೆದುಕೊಟ್ಟಿದ್ದಾರೆ ಎಂದು ಮ್ಯಾನೇಜರ್ ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದರು. ಅದೇ ದುಂಡು ಅಕ್ಷರ.

ಅವನು ಅವಳ ಕಡೆ ನೋಡಿದ. ಅವಳು ಮೇಜಿನ ಮೂಲೆಯಲ್ಲಿದ್ದ ಸ್ಟೇಪ್ಲರ್ ನೋಡುತ್ತಿದ್ದಳು, ಅದರಲ್ಲಿ ಏನೋ ಬರೆದಿದೆ ಎಂಬಂತೆ.

ಪುಸ್ತಕದ ಸಂಸ್ಥೆಯವರು ಇಲ್ಲಿಂದ ಒಂದು ಪತ್ರ ಕೇಳುತ್ತಾರೆ. ಆ ಪತ್ರದಲ್ಲಿ ಇದು ಬರುತ್ತದೆ. ಮಕ್ಕಳ ಪುಸ್ತಕಕ್ಕೆ ಇಂಥವಳನ್ನು ಯಾರು ತೆಗೆದುಕೊಳ್ಳುತ್ತಾರೆ? ಹೋಗದಿದ್ದರೆ ಇಲ್ಲೇ ಇರುತ್ತಾಳೆ. ಈ ಕೊನೆಯ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆ ಹೇಸಿಗೆಯೇ ಬಾಯಿ ತೆರೆಸಿತು.

"ಅದು ನನ್ನ ಮಾತು, ಸರ್. ಸ್ಕ್ರಿಪ್ಟ್‌ನಲ್ಲಿ ಇರ್ಲಿಲ್ಲ. ಬೆನ್ನಿನ ಜಾಗದಲ್ಲಿ ನಾನೇ ಹಾಕಿದ್ದು."

ಕಾಪಾಡೋಕೆ ಹೇಳುತ್ತಿದ್ದೀಯಾ ಎಂಬರ್ಥದಲ್ಲಿ ಮ್ಯಾನೇಜರ್ ಏನೋ ಕೇಳಿದರು. ಆಗ ಮಾವ ಗಂಟಲು ಸರಿಮಾಡಿಕೊಂಡು, ಕತ್ತರಿಸದ ಹಳೇ ಮುದ್ರಣ ತನ್ನ ಹತ್ತಿರ ಇದೆ ಎಂದರು. ಮಾವ ಏನನ್ನೂ ಎಸೆಯುವವರಲ್ಲ. ತಂದು ಹಾಕಿದರು.

ಮೊದಲು ಗಾಳಿಯಂಥ ಸದ್ದು. ಆಮೇಲೆ ಅವನ ದನಿ, ಮೂರು ವರ್ಷ ಎಳೆಯದು: ಹತ್ತಿರ ಬಾ, ಏನೂ ಆಗಲ್ಲ. ಆಚೆ ಕೋಣೆಯ ಮೈಕಿನ ಬಟನ್ ಮೇಲೆ ಆಗ ಮಾವನ ಕೈ ಇದ್ದಿರಬೇಕು, ಅಲ್ಲಿಯ ಸದ್ದೂ ಕೇಳಿಸಿತು. ಹೆಜ್ಜೆ ಸಪ್ಪಳ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಅವಳು.

"ಇದು ನಾನು ಬರೆದಿಲ್ಲ."

"ಬೆನ್ನಲ್ವಾ ಟೀಚರ್. ಯಾರಿಗೆ ಕಾಣುತ್ತೆ?"

"ಕಾಣಲ್ಲ. ಕೇಳಿಸುತ್ತಲ್ಲ."

ಆ ನಾಲ್ಕು ಹೆಜ್ಜೆ ಮುದ್ರಣವಾಗಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಕಿವಿ ಕೆಂಪಗಾಗಿತ್ತು.

ಅಂಥ ಮಾತು ಯಾಕೆ ಹೇಳಿದೆ ಎಂದು ಮ್ಯಾನೇಜರ್ ಕೇಳಿದರು.

ಅವಳು ಆಗ ತಲೆಯೆತ್ತಿದಳು. ಪೂರ್ತಿ ಅವನ ಕಡೆ ತಿರುಗಿ, ಉಚ್ಚಾರ ತಪ್ಪುತ್ತಾನೋ ಎಂದು ಕಾಯುವಾಗಿನ ಹಾಗೆ, ಅವನ ತುಟಿಯನ್ನೇ ನೋಡಿದಳು.

"ಬಾಯಿಗೆ ಬಂತು, ಸರ್," ಎಂದ.

ಅವಳು ಮತ್ತೆ ಸ್ಟೇಪ್ಲರ್ ಕಡೆ ತಿರುಗಿದಳು.

ಅವಳ ಹಾಳೆಯನ್ನು ಹರಿದರು. ಮುಂದೆ ಬರುವ ಕಾರ್ಯಕ್ರಮಗಳಿಗೆ ಬೇರೆ ದನಿ ಎಂದು ತೀರ್ಮಾನವಾಯಿತು. ಕಾಡಣ್ಣನ ಕೊನೆಯ ಕಂತು ಮಾತ್ರ ಇವನದೇ, ಇನ್ನೊಬ್ಬರ ದನಿ ಹಾಕಿದರೆ ಜನ ಗೇಟು ಕಿತ್ತಾರು. ಆದರೆ ಆ ಮಾತು ಮಾತ್ರ ಇರಕೂಡದು.

ಗುರುವಾರ ಕೊನೆಯ ಕಂತಿನ ಕೆಲಸ. ಅಂದು ಬೆಳಿಗ್ಗೆ ಅಂಗಡಿಯವನಿಗೆ ಎಚ್ಚರವಾಯಿತು. ಬಲಗೈಯ ಎರಡು ಬೆರಳು ಹೋಗಿದ್ದವು. ಕಾಡಣ್ಣನದು ಏನೂ ತಪ್ಪಿಲ್ಲ, ಅವನನ್ನು ಯಾರೂ ಬೈಯಬೇಡಿ ಎಂದು ಹಾಸಿಗೆಯಿಂದಲೇ ಹೇಳಿದನಂತೆ. ಒಳ್ಳೆಯ ಸುದ್ದಿ ಎಂದು ಮಾವ ಬೆನ್ನು ತಟ್ಟಿದರು. ಅವನಿಗೆ ತಂದಿಟ್ಟ ಕಾಫಿ ಕೆನೆಗಟ್ಟಿತು.

ಕೊನೆಯ ದೃಶ್ಯದಲ್ಲಿ ಕಾಡಣ್ಣ ಹುಲ್ಲಿನೊಳಗೆ ನಡೆದು ಹೋಗುತ್ತಾನೆ. ಕೋಣ ಇನ್ನೂ ಎಲ್ಲೂ ಇಲ್ಲ. ಬರೀ ಹುಲ್ಲು, ಬರೀ ಬೆನ್ನು. ಅವಳು ಅರ್ಧ ಪುಟ ಖಾಲಿ ಬಿಟ್ಟು ಅಂಚಿಗೆ ಆ ಒಂದು ಪದ ಬರೆದಿದ್ದಳು. ಅವನ ಕಿವಿಯ ಹೆಡ್‌ಫೋನಿನಲ್ಲಿ ಅವಳ ದನಿ ಬಂತು.

"ನಲವತ್ತು ಸೆಕೆಂಡ್ ಇದೆ. ನಾನೇನೂ ಬರೆದಿಲ್ಲ. ನಿಮಗೆ ಬಿಟ್ಟಿದ್ದು."

ಗಾಜಿಗೆ ತೀರಾ ಹತ್ತಿರ ನಿಂತಿದ್ದಳು. ಉಸಿರಿಗೆ ಗಾಜು ಮಂಜಾಗಿ ತಿಳಿಯಾಗುತ್ತಿತ್ತು. ಬೆರಳು ಎತ್ತಿದಳು. ಈ ಸಲ ಬೆರಳು ನಡುಗಲಿಲ್ಲ.

ನಾಳೆ ಶುಕ್ರವಾರ. ಹೋಗಬೇಡಿ ಎಂದರೆ ಸಾಕು, ಎರಡೇ ಸೆಕೆಂಡು. ಆದರೆ ಒಬ್ಬಳನ್ನು ಹತ್ತಿರ ಕರೆಯಲು ಅವನ ಬಳಿ ಇದ್ದದ್ದು ಒಂದೇ ಮಾತು. ಆ ಮಾತನ್ನು ನಂಬಿದವನ ಕೈಯಲ್ಲಿ ಈಗ ಮೂರು ಬೆರಳು. ಏನೂ ಆಗಲ್ಲ ಎಂದು ತಾನು ಯಾವ ಬಾಯಿಯಿಂದ ಇನ್ನೊಮ್ಮೆ ಹೇಳುವುದು? ಅವಳು ಬಂದಮೇಲೆ ಏನಾದರೂ ಆದರೆ?

ಇಪ್ಪತ್ತು. ಮೂವತ್ತು. ಹುಲ್ಲು ಕಾಡಣ್ಣನ ಭುಜದವರೆಗೆ ಬಂತು. ಇವನು ಉಸಿರು ಎಳೆದುಕೊಂಡ, ಬಿಟ್ಟ. ಪರದೆ ಕಪ್ಪಾಯಿತು.

ಇದೇ ಇರಲಿ ಎಂದು ಮಾವ ಹೇಳಿದರು. ಅವಳು ಬೆರಳನ್ನು ಇಳಿಸಲು ಮರೆತವಳ ಹಾಗೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು.

ಭಾನುವಾರ ಪ್ರಸಾರವಾಯಿತು. ಜನಕ್ಕೆ ಆ ಮೌನವೇ ಎಲ್ಲಕ್ಕಿಂತ ಹಿಡಿಸಿತು. ದುಃಖ ಅಂದರೆ ಇದು ಎಂದು ಬರೆದರು. ನಲವತ್ತು ಸೆಕೆಂಡು ಅತ್ತೆವು ಎಂದು ಬರೆದರು. ಅದು ಹೆದರಿಕೆ ಎಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಕೆಲಸಕ್ಕೆ ಹೊರಟ ಅವಳನ್ನು ಕಳಿಸಲು ಅವನು ಬಸ್ ನಿಲ್ದಾಣಕ್ಕೆ ಹೋದ. ಅವಳ ಎರಡು ಚೀಲ ಮೇಲಿಟ್ಟುಕೊಟ್ಟ. ಮಾತ್ರೆ ಮರೀಬೇಡಿ, ಹಳದಿ ಡಬ್ಬಿ ಎಂದು ಅವಳು ನೆನಪಿಸಿದಳು. 'ಶ'ವನ್ನು 'ಸ' ಮಾಡಬೇಡಿ, ತಿದ್ದೋಕೆ ನಾನಿರಲ್ಲ ಎಂದು ನಗಿಸಲು ನೋಡಿದಳು. ಅವನು ನಕ್ಕ. ಆಮೇಲೆ ನಗು ಬಿಟ್ಟು ಕೇಳಿದಳು.

"ಅವತ್ತು ನಿಜವಾಗ್ಲೂ ಬಾಯಿಗೆ ಬಂದಿದ್ದಾ?"

ಅವನು ಉತ್ತರಿಸುವಷ್ಟರಲ್ಲಿ ಕಂಡಕ್ಟರ್ ಎಲ್ಲರನ್ನೂ ಹತ್ತಿಸಿದ.

ಅವಳು ಕಿಟಕಿಯ ಪಕ್ಕ ಕೂತಳು. ಗಾಜು ಮುಚ್ಚಿತ್ತು. ಇಂಜಿನ್ ಶುರುವಾಯಿತು. ಅವಳು ಅವನನ್ನೇ ನೋಡುತ್ತ, ಗಾಜಿನ ಆಚೆಯಿಂದ, ಮೆಲ್ಲಗೆ ತೋರುಬೆರಳು ಎತ್ತಿದಳು.

ಅವನ ತುಟಿ ತೆರೆಯಿತು. ಪಕ್ಕದಲ್ಲಿ ನಿಂತಿದ್ದ ಯಾರೋ, ಇವರು ಆಗ ನಕ್ಕ ದನಿ ಎಲ್ಲೋ ಕೇಳಿದ ಹಾಗಿತ್ತಲ್ಲ ಎನ್ನುತ್ತಿದ್ದರು. ಬಸ್ಸು ಹಿಂದೆ ಸರಿದು, ತಿರುಗಿ, ಬೆನ್ನು ತೋರಿಸಿ ಹೊರಟಿತು.

ಮೂರು ವರ್ಷದ ಹಿಂದಿನ ಆ ಮಾತು ಅವಳಿಗೇ ಹೇಳಿದ್ದು ಎಂದು ಅವನು ಅವಳಿಗೆ ಹೇಳಲಿಲ್ಲ.